ಎರೆ ನೆಲದ ಮಾಳಿಗೆ ಮನೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವರಿಗೆ ಉಣಕಲ್ ಕೆರೆ ದಾಟಿದ ಮೇಲೆ ಸಿಗುವ ಊರು ಬೈರಿದೇವರಕೊಪ್ಪ. ಬಿ.ಆರ್.ಟಿ.ಎಸ್. ಬಸ್ಸಿನ ಕಿಟಕಿಯಿಂದ ಕಾಣುವುದು ಅಂಗಡಿಗಳ ಸಾಲು, ಕಾಂಕ್ರೀಟ್ ಮಹಡಿಗಳು. 'ಕೊಪ್ಪ' ಎಂದರೆ ಸಣ್ಣ ಹಳ್ಳಿ. ಹೆಸರು ಹಳ್ಳಿಯದೇ ಉಳಿದಿದೆ, ಮನೆಗಳು ಮಾತ್ರ ಊರೂರಿಗೂ ಒಂದೇ ನಮೂನೆಯಾಗುತ್ತಿವೆ. ಹಿಂದೆ ಹಾಗಿರಲಿಲ್ಲ. ಮನೆ ನೋಡಿಯೇ ನೆಲ ಯಾವುದು, ಮಳೆ ಎಷ್ಟು ಎಂದು ಹೇಳಬಹುದಿತ್ತು.

ಅವಳಿ ನಗರ ನಿಂತಿರುವ ಜಾಗವೇ ಅಂಥದು. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಮಲೆನಾಡಿನ ಸೆರಗು. ಅಲ್ಲಿ ಹಂಚಿನ ಇಳಿಜಾರು ಮಾಡು. ಪೂರ್ವಕ್ಕೆ ನವಲಗುಂದ, ನರಗುಂದದತ್ತ ಕಣ್ಣು ಹಾಯುವಷ್ಟೂ ಎರೆಹೊಲ, ಕಡಿಮೆ ಮಳೆ. ಅಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರು ಹಂಚು ಒಳನಾಡಿಗೂ ಹಬ್ಬಿ, ಈ ಗೆರೆ ಅಲ್ಲಲ್ಲಿ ಕಲಸಿಹೋಯಿತು. ಒಂದೇ ಓಣಿಯಲ್ಲಿ ಮಾಳಿಗೆ, ಹಂಚು ಎರಡೂ ಕಾಣುವುದು ಹೀಗೆ.

ಮಾಳಿಗೆಯ ರಚನೆ ಸರಳ. ಕಂಬ, ಅದರ ನೆತ್ತಿಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿಗಳ ಮೇಲೆ ಹಲಗೆ ಇಲ್ಲವೆ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಕೊನೆಗೆ ಗೇಣುದ್ದ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣನ್ನು ಹುಡುಕಿ ತರುತ್ತಿದ್ದರು. ಏಕೆಂದು ಕೇಳಿದರೆ 'ಸೋರೂದಿಲ್ಲ' ಎಂಬಷ್ಟೇ ಉತ್ತರ. ಕಾರಣ ಮಣ್ಣಿನ ರಸಾಯನದಲ್ಲಿದೆ. ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚಿದ್ದರೆ, ನೀರು ತಾಗಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದು, ಹುಲ್ಲೂ ಸುಲಭಕ್ಕೆ ಬೇರೂರದು. ಹೊಲದಲ್ಲಿ ಬೆಳೆ ಕೊಲ್ಲುವ ಗುಣವೇ ಮನೆಯ ಮೇಲೆ ಕೊಡೆಯಾಯಿತು!

ಎರೆಮಣ್ಣಿನದು ಇನ್ನೊಂದು ತಕರಾರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ತಳಪಾಯ ಹಾಕಿದರೆ ಗೋಡೆ ಸೀಳುವುದು ಖಚಿತ. ಅದಕ್ಕೇ ಗಟ್ಟಿ ಗರಸು ಸಿಗುವವರೆಗೂ ಅಗೆಯುವುದು ಹಳೆಯ ರೂಢಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಗೂಟಗಳ ಹಿಂದಿನ ತರ್ಕವೂ ಇದೇ: ಸುಮಾರು 3.5 ಮೀಟರ್ ಕೆಳಗೆ ನೆಲದ ತೇವ ಋತುವಿನೊಡನೆ ಅಷ್ಟಾಗಿ ಏರಿಳಿಯುವುದಿಲ್ಲ, ಕಾಲು ಅಲ್ಲಿ ಊರಿದರೆ ಮನೆ ಅಲುಗದು.

ಒಳಾಂಗಣದ ಲೆಕ್ಕ ಕೋಣೆಗಳದಲ್ಲ, ಅಂಕಣಗಳದು. 'ಎಷ್ಟು ಅಂಕಣದ ಮನಿ?' ಎಂದು ಕೇಳಿದರೆ ಮನೆತನದ ಅಂತಸ್ತನ್ನೇ ಕೇಳಿದಂತೆ. ಅಂಕಣ ಎಂದರೆ ಕಂಬದ ಸಾಲುಗಳ ನಡುವಿನ ಜಾಗ. ಅದರ ಅಗಲವನ್ನು ನಿರ್ಧರಿಸುತ್ತಿದ್ದುದು ಸಿಕ್ಕ ಮರದ ಉದ್ದ. ದೊಡ್ಡ ಬಾಗಿಲು ದಾಟಿದರೆ ತಗ್ಗಿನಲ್ಲಿ ದನಕರು, ಗ್ವಾದ್ಲಿ, ಎತ್ತರದಲ್ಲಿ ಪಡಸಾಲೆ. ಆ ಒಂದೆರಡು ಅಡಿ ಎತ್ತರವೇ ಮನುಷ್ಯರಿಗೂ ದನಗಳಿಗೂ ನಡುವಿನ ಗೋಡೆ. ಅದರಾಚೆ ಕತ್ತಲು ತುಂಬಿದ ಅಡಿಗೆಮನೆ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯಬೇಕು, ಮಳೆ ಬಂದರೆ ಅದನ್ನೂ ಮುಚ್ಚಬೇಕು. ಹಳೆಯದೆಲ್ಲ ಚಿನ್ನ ಎನ್ನುವವರು ಆ ಹೊಗೆಯಲ್ಲಿ ಒಲೆ ಊದಿದ ಹೆಂಗಸರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಆದರೆ ತಂಪಿನ ವಿಷಯದಲ್ಲಿ ಈ ಮನೆಯದೇ ಮೇಲುಗೈ. ಎರಡಡಿ ಗೋಡೆ, ದಪ್ಪ ಮಾಳಿಗೆ ದಾಟಿ ಹಗಲಿನ ಬಿಸಿ ಒಳಗಿಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಮನೆಮಂದಿ ಮಾಳಿಗೆಯ ಮೇಲೆ ಹಾಸಿಕೊಂಡಿರುತ್ತಾರೆ. ತೆಳುವಾದ ಕಾಂಕ್ರೀಟ್ ಚಾವಣಿಯಾದರೋ ಸಂಜೆಗೇ ಕಾದ ಹಂಚು.

ಹಾಗಿದ್ದರೂ ಜನ ಮಣ್ಣನ್ನು ಬಿಟ್ಟರು. ಆಗಸ್ಟ್ 2019ರ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಸಾಲುಸಾಲಾಗಿ ಮಣ್ಣಿನ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿವರೆಗೆ ಪರಿಹಾರ ಘೋಷಿಸಿತು. ಅಷ್ಟು ಹೊತ್ತಿಗೆ ಮಣ್ಣೆಂದರೆ ಭಯ, ಸಿಮೆಂಟೆಂದರೆ ಅಭಯ ಎಂಬ ಭಾವನೆ ಬೇರೂರಿತ್ತು. ದೋಷ ಮಣ್ಣಿನದಷ್ಟೇ ಅಲ್ಲ. ಮಾಳಿಗೆ ಮನೆ ಪ್ರತಿ ವರ್ಷ ಮುಂಗಾರಿಗೆ ಮುನ್ನ ಕೈ ಕೆಲಸ ಬೇಡುತ್ತದೆ: ಹೊಸ ಮಣ್ಣು ಹಾಕಬೇಕು, ಬಡಿಯಬೇಕು, ನೀರು ಹರಿಯುವ ದಾರಿ ಬಿಡಿಸಬೇಕು. ಒಂದೆರಡು ವರ್ಷ ಬಿಟ್ಟರೆ ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ. ನೆನೆದ ಗೋಡೆಗೆ ಮೇಲಿನ ಭಾರವೇ ಶತ್ರು. ಮಕ್ಕಳು ಕೆಲಸಕ್ಕೆಂದು ಊರು ಬಿಟ್ಟ ಮನೆಯಲ್ಲಿ ಮಾಳಿಗೆ ಹತ್ತುವವರಾದರೂ ಯಾರು?

ನಡುದಾರಿ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಗಳನ್ನು ರೂಢಿಗೆ ತಂದಿತು. ಕೆಂಪು ಮಣ್ಣಿಗೆ ಇದು ಚೆನ್ನಾಗಿ ಹೊಂದುತ್ತದೆ. ಎರೆಗೆ ಮಾತ್ರ ಮರಳೋ ಸುಣ್ಣವೋ ಬೆರೆಸಿ ಅದರ ಉಬ್ಬುವ ಚಾಳಿ ಬಿಡಿಸಬೇಕು, ಖರ್ಚು ಅಲ್ಲಿಯೇ ಏರುತ್ತದೆ. ಹೀಗಾಗಿ ಎರೆಸೀಮೆಯಲ್ಲಿ ಹಳೆಯ ಮನೆ ಕೆಡವಿದಾಗ ಮಣ್ಣು ತಿಪ್ಪೆಗೆ ಹೋಗುತ್ತದೆ, ಕೆತ್ತನೆಯ ಕಂಬ-ಬೋದಿಗೆಗಳಿಗೆ ಮಾತ್ರ ಗಿರಾಕಿ ಸಿಗುತ್ತಾರೆ. ರೆಸಾರ್ಟುಗಳ ಅಂಗಳದಲ್ಲಿ ಅವು ಇಂದು ಯಾವ ತೊಲೆಯನ್ನೂ ಹೊರದೆ ನಿಂತಿವೆ.