ನಿಮಗಿದು ಗೊತ್ತೆ? ಪಟ್ಟ ಏರಿದವರು ಯಾರು?

ಕುರುಕ್ಷೇತ್ರ ಗೆದ್ದ ಮೇಲೆ ಸಿಂಹಾಸನ ಯಾರಿಗೆ? ಧರ್ಮರಾಯನಿಗೆ ಎನ್ನುತ್ತಾನೆ ವ್ಯಾಸ. ಕನ್ನಡದ ಹಳೆಯ ಕವಿಗಳು ಒಪ್ಪಬೇಕಲ್ಲ!

ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ಅರ್ಜುನನಿಗೆ ಪಟ್ಟ ಕಟ್ಟಿದ, ಪಕ್ಕದಲ್ಲಿ ಸುಭದ್ರೆ. ದ್ರೌಪದಿಗೂ ಅಲ್ಲಿ ಅರ್ಜುನನೊಬ್ಬನೇ ಗಂಡ. ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನೆಂದು ಹಾಡಿದವನಿಗೆ ಬೇರೆ ದಾರಿಯಿರಲಿಲ್ಲ ಬಿಡಿ.

ರನ್ನನ ಲೆಕ್ಕವೇ ಬೇರೆ. ವಿಜಾಪುರ ಜಿಲ್ಲೆಯ ಬಬಲೇಶ್ವರದಿಂದ ನೈಋತ್ಯಕ್ಕೆ ಕೃಷ್ಣೆ ದಾಟಿದರೆ ಸಿಗುವ ಮುಧೋಳ ಈ ಕವಿಯ ಊರು. 1997ರವರೆಗೂ ಅದು ವಿಜಾಪುರ ಜಿಲ್ಲೆಯಲ್ಲೇ ಇತ್ತು. ಅವನ ‘ಗದಾಯುದ್ಧ’ದಲ್ಲಿ ಕಿರೀಟ ಭೀಮನಿಗೆ. ಚಾಳುಕ್ಯ ದೊರೆ ಸತ್ಯಾಶ್ರಯನೇ ಆ ಭೀಮ!

ಮತ್ತೆ ಅದೇ ಕಾವ್ಯದ ದುರ್ಯೋಧನ? ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು, ಭೀಮನ ಮೂದಲಿಕೆ ಕೇಳಿ ಸಿಟ್ಟಿಗೆ ನೀರಿನೊಳಗೇ ಬೆವರಿ, ಗದೆ ಹಿಡಿದು ಮೇಲೆದ್ದು ಬರುತ್ತಾನೆ.