ಸಿಡಿದ ರಾಕೆಟ್, ಉಳಿದ ಪ್ರಯೋಗ

ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ನಿವಾಸಿಗಳಿಗೆ ಆಹಾರ, ಬಟ್ಟೆ, ಯಂತ್ರಗಳ ಬಿಡಿಭಾಗ ಎಲ್ಲವೂ ಕೆಳಗಿನಿಂದಲೇ ಹೋಗಬೇಕು. ಈ ಹೊರೆಯನ್ನು ಹೊರುವುದು ಬಹುಮಟ್ಟಿಗೆ ಮನುಷ್ಯರಿಲ್ಲದ ಸರಕು ನೌಕೆಗಳು. ಸೋವಿಯತ್ ಒಕ್ಕೂಟದ ಪ್ರೋಗ್ರೆಸ್ ನೌಕೆ 1978ರ ಜನವರಿಯಲ್ಲಿ ಸಲ್ಯೂತ್-6 ನಿಲ್ದಾಣವನ್ನು ಸೇರಿದಂದಿನಿಂದ ಈ ಬಗೆಯ ಸಾಗಣೆ ನಡೆದುಬಂದಿದೆ. ಇಂದು ಆ ಹೊರೆಯ ನಡುವೆ ಶಾಲಾ ಮಕ್ಕಳ ಪ್ರಯೋಗಗಳೂ ಇರುವುದುಂಟು.

ಅಮೆರಿಕದ ವಿದ್ಯಾರ್ಥಿ ಬಾಹ್ಯಾಕಾಶ ಪ್ರಯೋಗ ಕಾರ್ಯಕ್ರಮದಲ್ಲಿ ಆಯ್ಕೆಯಾದ ಪ್ರತಿ ತಂಡಕ್ಕೂ ಒಂದು ಪುಟ್ಟ ಸಿಲಿಕೋನ್ ಕೊಳವೆಯೇ ಪ್ರಯೋಗಶಾಲೆ. ನಡುವೆ ಕ್ಲಿಪ್ ಹಾಕಿ ಒಂದು ಭಾಗದಲ್ಲಿ ಬೀಜ, ಇನ್ನೊಂದರಲ್ಲಿ ನೀರು ಇಡಬಹುದು. ಗೊತ್ತುಪಡಿಸಿದ ದಿನ ಗಗನಯಾತ್ರಿ ಕ್ಲಿಪ್ ಬಿಚ್ಚುತ್ತಾರೆ. ಅದೇ ಹೊತ್ತಿಗೆ ಮಕ್ಕಳು ನೆಲದ ಮೇಲೆ ಅಂಥದೇ ಕೊಳವೆಯ ಕ್ಲಿಪ್ ಬಿಚ್ಚುತ್ತಾರೆ. ನಿಲ್ದಾಣವೂ ಅದರೊಳಗಿನ ವಸ್ತುಗಳೂ ಒಟ್ಟಿಗೆ ಭೂಮಿಯತ್ತ ಬೀಳುತ್ತಲೇ ಸುತ್ತುವುದರಿಂದ ಅಲ್ಲಿ ತೂಕದ ಅರಿವಿಲ್ಲ. ಕಾದ ನೀರು ಮೇಲೇರದು, ಕೆಸರು ತಳಕ್ಕಿಳಿಯದು. ಎರಡು ಕೊಳವೆಗಳನ್ನು ಹೋಲಿಸಿದಾಗ ತೂಕವಿದ್ದಾಗ ಆಗುವುದೇನು, ಇಲ್ಲದಾಗ ಆಗುವುದೇನು ಎಂಬುದು ತಿಳಿಯುತ್ತದೆ.

2014ರ ಅಕ್ಟೋಬರ್ 28ರಂದು ಇಂಥ 18 ಪ್ರಯೋಗಗಳನ್ನು ಹೊತ್ತ ಸಿಗ್ನಸ್ ನೌಕೆ ವರ್ಜೀನಿಯಾದ ವಾಲಪ್ಸ್ ದ್ವೀಪದಿಂದ ಅಂಟಾರೆಸ್ ರಾಕೆಟ್ಟಿನ ಮೇಲೆ ಹೊರಟಿತು. ಸುಮಾರು 15 ಸೆಕೆಂಡುಗಳಲ್ಲಿ ಇಂಜಿನ್ ಒಂದರ ದ್ರವ ಆಮ್ಲಜನಕದ ಪಂಪ್ ಸ್ಫೋಟಿಸಿ ರಾಕೆಟ್ ನೆಲಕ್ಕೆ ಬಿದ್ದು ಸಿಡಿಯಿತು. ಯಾರಿಗೂ ಗಾಯವಾಗಲಿಲ್ಲ, ಆದರೆ ಸುಮಾರು 2,200 ಕಿಲೋಗ್ರಾಂ ಸರಕು ನಾಶವಾಯಿತು. ಮರುದಿನವೇ ರಷ್ಯದ ಪ್ರೋಗ್ರೆಸ್ ನೌಕೆಯೊಂದು ನಿಲ್ದಾಣಕ್ಕೆ ಸಾಮಗ್ರಿ ತಲುಪಿಸಿತು. ಮಕ್ಕಳ ಕೊಳವೆಗಳು ಮಾತ್ರ ಇನ್ನಿಲ್ಲವಾಗಿದ್ದವು.

ಆದರೂ ಪ್ರಯೋಗ ಅಳಿದಿರಲಿಲ್ಲ. ಯಾವ ಬೀಜ, ಎಷ್ಟು ದ್ರವ, ಯಾವ ದಿನ ಕ್ಲಿಪ್ ಬಿಚ್ಚಬೇಕು ಎಂಬುದೆಲ್ಲ ತಂಡಗಳ ಬರಹದಲ್ಲಿತ್ತು. ಬಹುತೇಕ ತಂಡಗಳು ಅದನ್ನೇ ಮುಂದಿಟ್ಟುಕೊಂಡು ಕೊಳವೆಗಳನ್ನು ಮತ್ತೆ ಸಿದ್ಧಗೊಳಿಸಿದವು. ದುರಂತದ 74ನೆಯ ದಿನ, 2015ರ ಜನವರಿ 10ರಂದು, ಡ್ರ್ಯಾಗನ್ ನೌಕೆ ಅವುಗಳನ್ನು ಹೊತ್ತು ಏರಿತು; ಎರಡು ದಿನಗಳಲ್ಲಿ ನಿಲ್ದಾಣ ಸೇರಿತು.

ಎಲ್ಲರ ಅದೃಷ್ಟವೂ ಹಾಗಿರಲಿಲ್ಲ. ಅದೇ ವರ್ಷ ಜೂನ್ 28ರಂದು ಮತ್ತೊಂದು ಡ್ರ್ಯಾಗನ್, ಏರಿದ ಎರಡು ನಿಮಿಷ ಕಳೆಯುತ್ತಲೇ ರಾಕೆಟ್ಟಿನೊಡನೆ ನಾಶವಾಯಿತು. ಅದರಲ್ಲಿಯೂ ವಿದ್ಯಾರ್ಥಿಗಳ ಪ್ರಯೋಗಗಳಿದ್ದವು. ಅಕ್ಟೋಬರಿನಲ್ಲಿ ಕಳೆದುಕೊಂಡಿದ್ದ ದಕ್ಷಿಣ ಕೆರೊಲಿನಾದ ಶಾಲಾತಂಡವೊಂದು ಎರಡನೆಯ ಬಾರಿ ಬರಿಗೈಯಾಯಿತು. ದೊಡ್ಡವರ ಪಾಡೂ ಬೇರೆಯಾಗಿರಲಿಲ್ಲ. ಇಂಜಿನಿಯರುಗಳು ಹಾರಾಟದ ದಾಖಲೆಗಳನ್ನು ಕ್ಷಣಕ್ಷಣವಾಗಿ ಪರಿಶೀಲಿಸಿ ದೋಷ ಹುಡುಕಿದರು. ಹೊಸ ಇಂಜಿನ್ ಅಳವಡಿಸಿಕೊಂಡ ಅಂಟಾರೆಸ್ 2016ರ ಅಕ್ಟೋಬರಿನಲ್ಲಿ ಮತ್ತೆ ಹಾರಿತು.

ನಮ್ಮ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಮಾದರಿಯ ಅಂದಕ್ಕೆ ದೊರೆಯುವ ಮನ್ನಣೆ ಟಿಪ್ಪಣಿ ಪುಸ್ತಕಕ್ಕೆ ಅಷ್ಟಾಗಿ ದೊರೆಯುವುದಿಲ್ಲ. ಪೋಷಕರು ಮಕ್ಕಳ ಮಾದರಿಯನ್ನು ನೋಡಿ ಮೆಚ್ಚುವಾಗ, "ಇದನ್ನು ಹೇಗೆ ಮಾಡಿದೆ, ಎಲ್ಲಿ ಬರೆದಿಟ್ಟಿರುವೆ?" ಎಂದೂ ಕೇಳಲಿ. ಮಾದರಿ ಮುರಿಯಬಹುದು, ಮಗು ತನ್ನ ನುಡಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟ ಪುಟವಿದ್ದರೆ ಮರುದಿನವೇ ಇನ್ನೊಂದನ್ನು ಕಟ್ಟಬಹುದು.