ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಏಳು ನಿಮಿಷ

“ಸಾರ್, ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು ಹಿಡಿಯುತ್ತದೆ?”

ಭೂಗೋಳದ ಪಾಠದ ನಡುವೆ ಏಳನೆಯ ತರಗತಿಯ ಹುಡುಗನೊಬ್ಬ ಹೀಗೆ ಕೇಳಿದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಎರಡು ಊರುಗಳಲ್ಲಿಯೂ ವಿಮಾನ ನಿಲ್ದಾಣವಿಲ್ಲ. ನಗು ಬಂದದ್ದು ಸಹಜವೇ. ಆದರೆ ಪ್ರಶ್ನೆಯಲ್ಲಿ ತಪ್ಪೇನಿಲ್ಲವೆಂದು ಹೇಳಿ ಸೀಮೆಸುಣ್ಣವನ್ನು ಕೈಗೆತ್ತಿಕೊಂಡೆ.

ಕಲ್ಯಾಣದುರ್ಗವು ಹಿಂದೂಪುರಕ್ಕಿಂತ ಸುಮಾರು 0.72 ಡಿಗ್ರಿ ಉತ್ತರಕ್ಕೂ 0.38 ಡಿಗ್ರಿ ಪಶ್ಚಿಮಕ್ಕೂ ಇದೆ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿಲೋಮೀಟರು; ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 108. ಗುಣಿಸಿದರೆ ಉತ್ತರಕ್ಕೆ 80, ಪಶ್ಚಿಮಕ್ಕೆ 41. ಉಳಿದದ್ದನ್ನು ಪೈಥಾಗೊರಸನ ಪ್ರಮೇಯಕ್ಕೆ ಬಿಟ್ಟರೆ ನೇರ ದೂರ 90 ಕಿಲೋಮೀಟರು ಬರುತ್ತದೆ. ಗಂಟೆಗೆ 800 ಕಿಲೋಮೀಟರು ವೇಗದ ವಿಮಾನಕ್ಕೆ ಅದು ಏಳು ನಿಮಿಷದ ಹಾದಿಯೂ ಅಲ್ಲ. ಏರಿ ಇಳಿಯುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕೆನ್ನುವುದು ಬೇರೆಯ ಮಾತು.

ಬಳಿಕ ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು ಗೆರೆ ಎಳೆಯಿಸಿದೆ. ಆಗ ಮಕ್ಕಳ ನಗು ನಿಂತಿತು. ಆಂಧ್ರದ ಒಂದು ಊರಿನಿಂದ ಆಂಧ್ರದ ಇನ್ನೊಂದು ಊರಿಗೆ ಎಳೆದ ಗೆರೆ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕನ್ನು ಹಾಯ್ದು ಹೋಗಿತ್ತು! ವಿಮಾನದ ಬಲಬದಿಯ ಕಿಟಕಿಯಲ್ಲಿ ಕುಳಿತವರಿಗೆ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ದೂರದಲ್ಲಿ ಕೆರೆಯಂತೆ ಮಿನುಗೀತು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಪಾವಗಡ ಸೀಮೆ, ಮದರಾಸು ಆಧಿಪತ್ಯದ ಅನಂತಪುರ ಜಿಲ್ಲೆಯೊಳಗೆ ನಾಲಗೆಯಂತೆ ಚಾಚಿಕೊಂಡಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗಲೂ, 1956ರ ಪುನರ್ವಿಂಗಡಣೆಯಲ್ಲೂ ಹಾಗೆಯೇ ಉಳಿಯಿತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ನಿಂತಿತು.

ಪಾವಗಡದ ಮೂಲಕ ಹೋಗುವ ರಸ್ತೆ ನೂರು ಕಿಲೋಮೀಟರನ್ನು ಮೀರುತ್ತದೆ. ಅನಂತಪುರವನ್ನು ಬಳಸಿದರೆ ಇನ್ನೂ ಬಹಳ ದೂರ. ಪಾವಗಡದಲ್ಲಿಳಿದು ಕಾಫಿ ಕುಡಿದು ಮುಂದಿನ ಬಸ್ಸು ಹಿಡಿಯುವ ನಮ್ಮವರಿಗೆ ಎರಡು ಸಲ ರಾಜ್ಯದ ಗಡಿ ದಾಟಿದೆವೆಂಬ ನೆನಪೇ ಇರುವುದಿಲ್ಲ.

ನನಗೂ ಇರಲಿಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಕಲ್ಯಾಣದುರ್ಗದ ಕಡೆಗೆ. 2020ರ ಏಪ್ರಿಲ್‌ನಲ್ಲಿ, ಕೊರೋನಾದ ದಿಗ್ಬಂಧನದ ದಿನಗಳಲ್ಲಿ, ಭಾವನವರು ತೀರಿಕೊಂಡರೆಂದು ಬೆಳಗಿನ ಜಾವ ಫೋನು ಬಂತು. ಬಸ್ಸಿಲ್ಲ. ಮಗನೊಡನೆ ಮೋಟಾರು ಸೈಕಲಿನಲ್ಲಿ ಹೊರಟೆ. ಗಡಿಯ ತಪಾಸಣಾ ಠಾಣೆಯಲ್ಲಿ ತಡೆದು ಪರವಾನಗಿ ಕೇಳಿದರು. ಆಂಧ್ರದಿಂದ ಆಂಧ್ರಕ್ಕೇ ಹೋಗುತ್ತಿದ್ದೇನೆಂದು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹೇಳಿದೆ. ಅವರೂ ಆಜ್ಞೆಗೆ ಕಟ್ಟುಬಿದ್ದವರು. ಬಿಸಿಲೇರುವವರೆಗೆ ಕಾದು ಹಿಂದಿರುಗಿದೆವು. ಹದಿಮೂರನೆಯ ದಿನಕ್ಕೂ ಹೋಗಲಾಗಲಿಲ್ಲ.

ಬಸ್ಸುಗಳು ಮತ್ತೆ ಹೊರಟ ಮೇಲೆ ಹೋದೆ. ಅಕ್ಕ ಒಂದು ಮಾತೂ ಆಡಿಕೊಳ್ಳಲಿಲ್ಲ. ಕಾಲು ತೊಳೆಯಲು ನೀರು ಕೊಟ್ಟು, ದಾರಿಯಲ್ಲಿ ಎಷ್ಟು ಹೊತ್ತಾಯಿತೆಂದಷ್ಟೇ ಕೇಳಿದಳು.